ವಕೀಲರ ಬಳಿ ಹೇಳಿದ ಮಾತು ಯಾರ ಸೊತ್ತು?

ಪೊಲೀಸರು ಇನ್ನು ಮುಂದೆ ವಕೀಲರಿಗೆ ನೋಟಿಸ್ ಕೊಡುವಂತೆಯೇ ಇಲ್ಲ ಎಂದು ಕೆಲವರು ಓದಿಕೊಂಡರು. ಎಸ್ಪಿ ಸಾಹೇಬರು ಒಂದು ಸಹಿ ಹಾಕಿದರೆ ಸಾಕು, ವಕೀಲರು ಕಕ್ಷಿದಾರನ ಗುಟ್ಟನ್ನೆಲ್ಲ ಬಿಚ್ಚಿಡಬೇಕು ಎಂದು ಇನ್ನು ಕೆಲವರು. ತನಿಖಾಧಿಕಾರಿಗಳು ವಕೀಲರನ್ನು ಕರೆಸುವ ಬಗ್ಗೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಕೊಟ್ಟ ತೀರ್ಪಿನಲ್ಲಿ ಇವೆರಡೂ ಇಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ವ್ಯಾಜ್ಯವೆಂದರೆ ಹೆಚ್ಚಾಗಿ ಪಾಲು, ದಾರಿ, ಬೇಲಿ, ಬಗರ್ ಹುಕುಂ, ತೋಟದ ಮೇಲಿನ ಸಾಲ. ಇಡೀ ಮನೆತನದ ಕಾಗದಪತ್ರ ವಕೀಲರ ಬೀರುವಿನಲ್ಲಿರುತ್ತದೆ, ಮನೆಯವರ ಒಳಜಗಳ ಅವರ ಕಿವಿಯಲ್ಲಿರುತ್ತದೆ. ಇದರಲ್ಲಿ ಯಾವುದು ಗುಟ್ಟಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದು ಕೋರ್ಟಿನ ಮೆಟ್ಟಿಲು ಹತ್ತುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸಂಗತಿ.

ಪ್ರಕರಣ ಇಲ್ಲಿಗೆ ಬಂದದ್ದು ಹೇಗೆ

2025ರ ಮೊದಲಾರ್ಧದಲ್ಲಿ ಎರಡು ಘಟನೆಗಳು ನಡೆದವು. ಕಂಪನಿಯೊಂದರ ಷೇರು ಹಂಚಿಕೆಗೆ ಸಂಬಂಧಿಸಿದ ತನಿಖೆಯಲ್ಲಿ ಜಾರಿ ನಿರ್ದೇಶನಾಲಯವು ಹಿರಿಯ ವಕೀಲರಾದ ಅರವಿಂದ ದಾತಾರ್ ಮತ್ತು ಪ್ರತಾಪ್ ವೇಣುಗೋಪಾಲ್ ಅವರಿಗೆ ಸಮನ್ಸ್ ಕಳಿಸಿತು. ವಕೀಲರ ಸಂಘಗಳು ಸಿಡಿದೆದ್ದ ಮೇಲೆ ಸಮನ್ಸ್ ಹಿಂದಕ್ಕೆ ಪಡೆಯಿತು. ಜೂನ್ 20ರಂದು ಸುತ್ತೋಲೆ ಹೊರಡಿಸಿ, ನಿರ್ದೇಶಕರ ಪೂರ್ವಾನುಮತಿ ಇಲ್ಲದೆ ವಕೀಲರನ್ನು ಕರೆಸಬಾರದು ಎಂದು ತನ್ನ ಅಧಿಕಾರಿಗಳಿಗೆ ಸೂಚಿಸಿತು.

ಇನ್ನೊಂದು ಗುಜರಾತಿನದು. ಸಾಲದ ಒಪ್ಪಂದದ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ಮಾಡಿಸಿದ್ದ ವಕೀಲರಿಗೆ ಅಹಮದಾಬಾದ್ ಪೊಲೀಸರು ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179ರಡಿ ನೋಟಿಸ್ ಕೊಟ್ಟರು. ಸಾಕ್ಷಿಗಳನ್ನು ಠಾಣೆಗೆ ಕರೆಸುವ ಕಲಂ ಅದು. ಹೈಕೋರ್ಟಿನಲ್ಲಿ ವಕೀಲರಿಗೆ ಪರಿಹಾರ ಸಿಗಲಿಲ್ಲ. ವಿಷಯ ಸುಪ್ರೀಂ ಕೋರ್ಟ್ ತಲುಪಿದಾಗ ಅದು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ, ನ್ಯಾಯಮೂರ್ತಿಗಳಾದ ಕೆ. ವಿನೋದ್ ಚಂದ್ರನ್ ಮತ್ತು ಎನ್.ವಿ. ಅಂಜಾರಿಯಾ ಅವರ ಪೀಠದ ತೀರ್ಪು ಬಂದದ್ದು ಆ ಪ್ರಕರಣದಲ್ಲಿ.

ಇಲ್ಲೊಂದು ಗೊಂದಲ ಬಿಡಿಸಬೇಕು. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ಯುವ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ನಡೆಸಿದರೆಂಬ ಆರೋಪ ರಾಜ್ಯದಾದ್ಯಂತ ಕೋರ್ಟ್ ಕಲಾಪ ಬಹಿಷ್ಕಾರಕ್ಕೆ ಕಾರಣವಾಯಿತು. ಮರು ತಿಂಗಳೇ ವಿಧಾನಮಂಡಲ ವಕೀಲರ ಮೇಲಿನ ಹಿಂಸಾಚಾರ ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ಕಾಯ್ದೆ ವಕೀಲರ ಮೈಮೇಲೆ ಕೈಮಾಡದಂತೆ ತಡೆಯುವಂಥದ್ದು. ಈಗಿನ ತೀರ್ಪಿನ ವಿಷಯ ಬೇರೆ. ಇದರಲ್ಲಿ ವಕೀಲರಿಗಿಂತ ಹೆಚ್ಚಿನ ಪಾಲು ಕಕ್ಷಿದಾರರದ್ದು.

ಕಾನೂನು ಕಾಯುವುದು ಮಾತನ್ನು

1872ರ ಸಾಕ್ಷ್ಯ ಕಾಯ್ದೆಯ ಕಲಂ 126ರಿಂದ 129ರವರೆಗೆ ಇದ್ದ ನಿಯಮಗಳು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132, 133, 134 ಆಗಿವೆ. ತಿರುಳು ಬದಲಾಗಿಲ್ಲ. ವೃತ್ತಿಯ ಸಂಬಂಧದಲ್ಲಿ ಕಕ್ಷಿದಾರ ಹೇಳಿದ್ದನ್ನು, ವಕೀಲರು ಕೊಟ್ಟ ಸಲಹೆಯನ್ನು, ಆ ಸಂದರ್ಭದಲ್ಲಿ ವಕೀಲರು ನೋಡಿದ ದಾಖಲೆಯ ಒಕ್ಕಣೆಯನ್ನು ಕಕ್ಷಿದಾರ ಸ್ಪಷ್ಟವಾಗಿ ಒಪ್ಪದ ಹೊರತು ವಕೀಲರು ಹೊರಗೆಡಹುವಂತಿಲ್ಲ. ವಕಾಲತ್ತು ಮುಗಿದ ಮೇಲೂ ಈ ಕಟ್ಟು ಮುಗಿಯುವುದಿಲ್ಲ. ಕೇಸು ಗೆದ್ದರೂ ಸೋತರೂ, ಕಕ್ಷಿದಾರ ಬೇರೆ ವಕೀಲರ ಬಳಿ ಹೋದರೂ ಬಾಯಿ ಬಿಗಿದೇ ಇರಬೇಕು.

ಕಲಂ 134 ಕಕ್ಷಿದಾರನ ಕಡೆಯಿಂದ ಅದೇ ಬಾಗಿಲನ್ನು ಮುಚ್ಚುತ್ತದೆ: ವಕೀಲರಿಗೆ ಏನು ಹೇಳಿದೆ ಎಂದು ಕೋರ್ಟು ಅವನನ್ನು ಬಲವಂತವಾಗಿ ಕೇಳುವಂತಿಲ್ಲ. ತಾನೇ ಸಾಕ್ಷಿ ಕಟ್ಟೆ ಹತ್ತಿದರೆ ಮಾತ್ರ, ತಾನು ನುಡಿದ ಸಾಕ್ಷ್ಯವನ್ನು ವಿವರಿಸಲು ಅಗತ್ಯವಾದಷ್ಟನ್ನು ಹೇಳಬೇಕಾಗಬಹುದು. ಕಲಂ 133 ಇನ್ನೂ ಸೂಕ್ಷ್ಮ. ಕಕ್ಷಿದಾರ ತನ್ನ ವಕೀಲರನ್ನೇ ಸಾಕ್ಷಿಯಾಗಿ ಕರೆದರೂ ಗುಟ್ಟನ್ನು ಬಿಟ್ಟುಕೊಟ್ಟ ಹಾಗಲ್ಲ. ಆ ಗುಟ್ಟಿನ ಬಗ್ಗೆಯೇ ಪ್ರಶ್ನೆ ಕೇಳಿದರೆ ಮಾತ್ರ ಬಿಟ್ಟುಕೊಟ್ಟಂತೆ.

ಹೀಗೇಕೆ? ಸಂವಿಧಾನದ 22(1)ನೇ ವಿಧಿ ಬಂಧಿತನಿಗೆ ತನ್ನಿಷ್ಟದ ವಕೀಲರನ್ನು ಕಾಣುವ ಹಕ್ಕು ಕೊಡುತ್ತದೆ. 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎನ್ನುತ್ತದೆ. ವಕೀಲರಿಗೆ ಹೇಳಿದ್ದು ಮರುದಿನ ತನಿಖಾಧಿಕಾರಿಯ ಮೇಜಿಗೆ ಬರುವುದಾದರೆ ಎರಡೂ ಹಕ್ಕು ಒಟ್ಟಿಗೆ ಬಿದ್ದುಹೋಗುತ್ತವೆ. ಜನ ವಕೀಲರ ಮುಂದೆ ಅರ್ಧ ಸತ್ಯ ಹೇಳಲು ಶುರುಮಾಡುತ್ತಾರೆ. ಅರ್ಧ ಸತ್ಯದ ಮೇಲೆ ಬರೆದ ಜವಾಬು ಪಾಟಿ ಸವಾಲಿನಲ್ಲಿ ಕುಸಿಯುತ್ತದೆ. ರಾಜಿಯಾಗಬಹುದಾಗಿದ್ದ ದಾವೆ ಹತ್ತಾರು ವರ್ಷ ಎಳೆಯುತ್ತದೆ.

ಹಿಂದಿನ ತಪ್ಪು, ಮುಂದಿನ ತಪ್ಪು

ತಪ್ಪು ಮಾಡಿದ್ದಾನೆಂದು ಗೊತ್ತಿದ್ದೂ ವಕೀಲರು ಅವನ ಪರ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಎಲ್ಲರದೂ. ಹಳೆಯ ಕಾಯ್ದೆ ಕೊಡುವ ಉದಾಹರಣೆಗಳಲ್ಲೇ ಉತ್ತರವಿದೆ. ಅವನ್ನು ಮಲೆನಾಡಿನ ಕಾಗದಪತ್ರಕ್ಕೆ ಹೊಂದಿಸಿ ನೋಡೋಣ.

ಒಬ್ಬ ಬಂದು, 'ನಾನು ಸಾಗುವಳಿ ಚೀಟಿ ನಕಲಿ ಮಾಡಿದ್ದೇನೆ, ಕೇಸಾಗಿದೆ, ನನ್ನ ಪರ ವಾದಿಸಿ' ಎನ್ನುತ್ತಾನೆ. ಇದು ಪೂರ್ತಿ ಗುಟ್ಟು. ತಪ್ಪಿತಸ್ಥನಿಗೂ ವಾದ ಮಂಡಿಸುವ ಹಕ್ಕಿದೆ, ಅವನ ಪರ ವಾದಿಸುವುದು ಅಪರಾಧವಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳ 15ನೇ ನಿಯಮವೂ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲರು ಅವನ ಪರ ನಿಲ್ಲಬೇಕು ಎನ್ನುತ್ತದೆ.

ಇನ್ನೊಬ್ಬ ಬಂದು, 'ಇದು ನಕಲಿ ಕ್ರಯಪತ್ರ, ಇದನ್ನಿಟ್ಟು ದಾವೆ ಹಾಕಿ ಆ ಎರಡು ಎಕರೆ ಬಿಡಿಸಿಕೊಡಿ' ಎನ್ನುತ್ತಾನೆ. ಇದಕ್ಕೆ ರಕ್ಷಣೆಯೇ ಇಲ್ಲ. ಆ ಮಾತು ಅಕ್ರಮ ಉದ್ದೇಶವನ್ನು ಮುಂದಕ್ಕೆ ಒಯ್ಯಲು ಆಡಿದ್ದು.

ಮೂರನೆಯದು ಹೆಚ್ಚು ಜನರ ಗಮನಕ್ಕೆ ಬಾರದ್ದು. ತೋಟದ ಹಣ ದುರುಪಯೋಗದ ಆರೋಪ ಹೊತ್ತವನು ಲೆಕ್ಕದ ಪುಸ್ತಕ ತಂದುಕೊಟ್ಟಿದ್ದಾನೆ. ವಕೀಲರು ಮೊದಲು ನೋಡಿದಾಗ ಇಲ್ಲದ ಒಂದು ಜಮೆ ಆಮೇಲೆ ಕಾಣಿಸಿಕೊಳ್ಳುತ್ತದೆ. ಅಂದರೆ ವಕೀಲರನ್ನು ಗೊತ್ತುಮಾಡಿಕೊಂಡ ನಂತರ ವಂಚನೆ ನಡೆದಿದೆ. ವಕೀಲರು ಕಣ್ಣಾರೆ ಕಂಡ ಈ ಸಂಗತಿ ಗುಟ್ಟಲ್ಲ. ಕಕ್ಷಿದಾರ ಅದನ್ನು ತೋರಿಸಿದನೋ ವಕೀಲರೇ ಕಂಡುಕೊಂಡರೋ ಎಂಬುದೂ ಮುಖ್ಯವಲ್ಲ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ತಪ್ಪು ವಕೀಲರ ಬಳಿ ಬರುವ ಮೊದಲು ನಡೆದದ್ದೋ, ಬಂದ ಮೇಲೆ ನಡೆದದ್ದೋ? ಕೇಳುತ್ತಿರುವುದು ರಕ್ಷಣೆಯನ್ನೋ, ತಪ್ಪಿಗೆ ಸಹಾಯವನ್ನೋ? ಇವೆರಡರ ಜೊತೆ ಕಕ್ಷಿದಾರನ ಸ್ಪಷ್ಟ ಒಪ್ಪಿಗೆ ಸೇರಿದರೆ ಕಲಂ 132ರ ವಿನಾಯಿತಿಗಳು ಮುಗಿದವು.

'ನಾಳೆ ಅವನನ್ನು ಮುಗಿಸುತ್ತೇನೆ' ಎಂದರೆ

ಬೇಲಿ ಜಗಳದಲ್ಲಿ ಸೋತು ಬಂದವನು ಕಚೇರಿಯಲ್ಲಿ ಕೂತು ಹೀಗೆ ಕೂಗಾಡುವುದು ಅಪರೂಪವಲ್ಲ. ಹತ್ತರಲ್ಲಿ ಒಂಬತ್ತು ಬರೀ ಸಿಟ್ಟಿನ ಮಾತು. ಹತ್ತನೆಯದಕ್ಕೆ ಕಾನೂನು ಏನು ಹೇಳುತ್ತದೆ?

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ, ಸಾವು ಅಥವಾ ತೀವ್ರ ಗಾಯ ತಪ್ಪಿಸಲು ವಕೀಲರು ಗುಟ್ಟು ಹೊರಗೆಡಹಬಹುದು ಎಂಬ ನೇರ ವಿನಾಯಿತಿ ಇದೆ. ನಮ್ಮ ಕಲಂ 132ರಲ್ಲಿ ಅಷ್ಟು ನೇರವಾದ ವಾಕ್ಯವಿಲ್ಲ. ಅಕ್ರಮ ಉದ್ದೇಶಕ್ಕೆ ಒದಗುವಂತೆ ಆಡಿದ ಮಾತಿಗೆ ರಕ್ಷಣೆಯಿಲ್ಲ ಎನ್ನುತ್ತದೆ, ನಿಜ. ಆದರೆ ಸಿಟ್ಟಿನಲ್ಲಿ ಉದ್ದೇಶ ಹೇಳಿಕೊಂಡವನು ವಕೀಲರಿಂದ ಸಹಾಯವನ್ನೇನೂ ಕೇಳಿಲ್ಲ. ಇನ್ನೊಂದು ಕಡೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 33, ಕೊಲೆಯೂ ಸೇರಿದಂತೆ ಕೆಲವು ಗಂಭೀರ ಅಪರಾಧಗಳು ನಡೆದದ್ದು ಅಥವಾ ನಡೆಸುವ ಉದ್ದೇಶ ತಿಳಿದ ಪ್ರತಿಯೊಬ್ಬರೂ ಸಕಾರಣವಿಲ್ಲದೆ ಸುಮ್ಮನಿರಬಾರದು ಎನ್ನುತ್ತದೆ. ನಡೆದುಹೋದ ಅಪರಾಧಕ್ಕೆ ವೃತ್ತಿಯ ಗೋಪ್ಯತೆ ಸಕಾರಣವಾಗಿ ನಿಲ್ಲುತ್ತದೆ. ನಾಳಿನ ಕೊಲೆಗೆ ಅದೇ ಕಾರಣ ಕೊಟ್ಟು ಕೂತ ವಕೀಲರನ್ನು ಯಾವ ನ್ಯಾಯಾಲಯವೂ ಮೆಚ್ಚಲಾರದು ಎಂಬುದು ಈ ಲೇಖನದ ನಿಲುವು. ಅಪಾಯ ನಿಜವೆನಿಸಿದರೆ ಮೊದಲು ಕಕ್ಷಿದಾರನಿಗೇ ಎಚ್ಚರಿಕೆ ಕೊಟ್ಟು, ಮಣಿಯದಿದ್ದರೆ ಅಪಾಯ ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೇಳುವುದು ಸರಿ. ಇಡೀ ಫೈಲನ್ನು ಠಾಣೆಗೆ ಒಯ್ಯಬೇಕಿಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಇನ್ನೂ ಇಕ್ಕಟ್ಟಿನದು. ಅದರ ಕಲಂ 19 ಮಗುವಿನ ಮೇಲೆ ಅಪರಾಧ ನಡೆದದ್ದು ಗೊತ್ತಿರುವ 'ಯಾವುದೇ ವ್ಯಕ್ತಿ' ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಸುಮ್ಮನಿದ್ದರೆ ಕಲಂ 21ರಡಿ ಆರು ತಿಂಗಳವರೆಗೆ ಸೆರೆವಾಸ. ವಕೀಲರಿಗೆ ಬೇರೆ ಸಾಲು ಬರೆದಿಲ್ಲ. ಆರೋಪಿಯ ಪರ ವಕೀಲರೂ ಈ ಮಾತಿನೊಳಗೆ ಬಂದರೆ ಅವನು ವಕೀಲರ ಮುಂದೆ ಬಾಯಿಯೇ ಬಿಡಲಾರ; ಬಾರದಿದ್ದರೆ ಇನ್ನೂ ಅದೇ ಮನೆಯಲ್ಲಿರುವ ಮಗುವಿನ ಗತಿಯೇನು? ಎಫ್‌ಐಆರ್ ಆದ ಮೇಲೆ ವಕಾಲತ್ತು ಹಿಡಿದವರಿಗೆ ಈ ತೊಡಕು ಅಷ್ಟಾಗಿ ಇಲ್ಲ, ವಿಷಯ ಆಗಲೇ ಪೊಲೀಸರಿಗೆ ತಿಳಿದಿರುತ್ತದೆ. ತೊಡಕಿರುವುದು ಎಫ್‌ಐಆರ್‌ಗೆ ಮುಂಚೆ ಬರುವ, 'ಹುಡುಗಿಗೆ ಹದಿನೇಳು, ಮದುವೆ ಮಾಡಿಬಿಟ್ಟಿದ್ದೇವೆ, ಈಗೇನು ಮಾಡೋದು' ಎಂಬಂಥ ಸಮಾಲೋಚನೆಗಳಲ್ಲಿ. ಶಾಸಕಾಂಗವೇ ಇದನ್ನು ಬಿಡಿಸಬೇಕು.

ಕಾಗದ, ಪೆನ್‌ಡ್ರೈವ್, ಮೊಬೈಲ್

ತೀರ್ಪಿನಲ್ಲಿ ಜನ ಗಮನಿಸದೆ ಬಿಟ್ಟ ಭಾಗವಿದು. ವಕೀಲರ ಕೈಯಲ್ಲಿರುವ ದಾಖಲೆಗಳಿಗೆ ಕಲಂ 132ರ ರಕ್ಷಣೆ ಇಲ್ಲ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿದೆ. ಮೂಲ ಕ್ರಯಪತ್ರವನ್ನು ವಕೀಲರ ಬೀರುವಿಗೆ ಸೇರಿಸಿದ ಮಾತ್ರಕ್ಕೆ ಅದು ಕಾನೂನಿಗೆ ಸಿಗದಂತಾಗುವುದಿಲ್ಲ. ಆದರೆ ಅದು ಹೋಗಬೇಕಾದ ದಾರಿಯನ್ನು ಕೋರ್ಟು ಗೊತ್ತುಮಾಡಿದೆ. ಕ್ರಿಮಿನಲ್ ಪ್ರಕರಣದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ದಾಖಲೆ ಕೇಳಿದರೆ, ಕೇಳಿದವರು ಪೊಲೀಸರಾದರೂ, ವಕೀಲರು ಅದನ್ನು ಹಾಜರುಪಡಿಸಬೇಕಾದದ್ದು ನ್ಯಾಯಾಲಯದ ಮುಂದೆ. ಸಿವಿಲ್ ದಾವೆಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 16ರ ನಿಯಮ 7 ಮತ್ತು ಸಾಕ್ಷ್ಯ ಅಧಿನಿಯಮದ ಕಲಂ 165 ಅನ್ವಯಿಸುತ್ತವೆ. ಎರಡರಲ್ಲೂ ತಕರಾರಿದ್ದರೆ ವಕೀಲರನ್ನೂ ಕಕ್ಷಿದಾರನನ್ನೂ ಕೇಳಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ.

2024ರ ಚುನಾವಣೆಯ ನಂತರ ಹಾಸನದವರಿಗೆ ಪೆನ್‌ಡ್ರೈವ್ ಎಂದರೆ ಬೇರೆಯೇ ನೆನಪು. ಆ ಪ್ರಕರಣಗಳ ವಿಚಾರ ಇಲ್ಲಿ ಬೇಡ. ತತ್ತ್ವ ಮಾತ್ರ ನೋಡುವುದಾದರೆ, ಪೆನ್‌ಡ್ರೈವ್ ಒಂದು ವಸ್ತು; ಅದನ್ನು ಕೊಡುವಾಗ ಕಕ್ಷಿದಾರ ಆಡಿದ ಮಾತು ಬೇರೆ. ವಸ್ತುವನ್ನು ಕೋರ್ಟು ತರಿಸಿಕೊಳ್ಳಬಹುದು. ಅದನ್ನು ಕೊಟ್ಟ ಕಕ್ಷಿದಾರನ ಒಪ್ಪಿಗೆಯಿಲ್ಲದೆ ವಕೀಲರು ಇನ್ನೊಬ್ಬರಿಗೆ ದಾಟಿಸಿದರೆ ಅದು ನಂಬಿಕೆದ್ರೋಹ. ನಡತೆ ನಿಯಮಗಳ 17 ಮತ್ತು 24ನೇ ನಿಯಮಗಳು ಇಂಥದ್ದಕ್ಕೇ ಇವೆ.

ವಕೀಲರ ಲ್ಯಾಪ್‌ಟಾಪು, ಮೊಬೈಲಿಗೆ ಇನ್ನೂ ಬಿಗಿ ನಿಯಮ. ತನಿಖಾಧಿಕಾರಿ ಕೇಳಿದರೂ ಅದು ಸಂಬಂಧಪಟ್ಟ ನ್ಯಾಯಾಲಯದ ಮುಂದೆಯೇ ಬರಬೇಕು. ಕೋರ್ಟು ಸಂಬಂಧಿಸಿದ ಕಕ್ಷಿದಾರನಿಗೆ ನೋಟಿಸ್ ಕೊಡಬೇಕು. ತೆರೆಯುವಾಗ ಕಕ್ಷಿದಾರ, ವಕೀಲರು, ಅವರ ಆಯ್ಕೆಯ ತಂತ್ರಜ್ಞ ಹಾಜರಿರಬೇಕು. ಉಳಿದ ಕಕ್ಷಿದಾರರ ಕಡತ ಬಯಲಾಗಬಾರದು. ತಾಲ್ಲೂಕು ವಕೀಲರ ಒಂದೇ ಮೊಬೈಲಿನಲ್ಲಿ ನೂರಾರು ಜನರ ಪಹಣಿ, ಆಧಾರ್, ವಾಟ್ಸ್‌ಆ್ಯಪ್ ದನಿ ಸಂದೇಶ ಇರುವಾಗ ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಈ ರಕ್ಷಣೆ ಯಾರಿಗಿಲ್ಲ

ಕಲಂ 132 ವಕೀಲರ ಜೊತೆಗೆ ಅವರ ಗುಮಾಸ್ತರು, ನೌಕರರು, ದುಭಾಷಿಗಳನ್ನೂ ಕಟ್ಟಿಹಾಕುತ್ತದೆ. ಅಲ್ಲಿಗೆ ಮುಗಿಯಿತು. ಉಪನೋಂದಣಿ ಕಚೇರಿ ಎದುರಿನ ಪತ್ರ ಬರಹಗಾರರು, ಟೈಪಿಂಗ್ ಅಂಗಡಿಯವರು, ಸರ್ವೆ ಮಾಡಿದವರು, ಆಡಿಟರು ಇವರ್‍ಯಾರಿಗೆ ಹೇಳಿದ ಮಾತಿಗೂ ಈ ಕಲಂನ ರಕ್ಷಣೆಯಿಲ್ಲ. 'ತಮ್ಮನಿಗೆ ಗೊತ್ತಾಗದ ಹಾಗೆ ದಾನಪತ್ರ ಮಾಡಿಸಿ' ಎಂದು ಪತ್ರ ಬರಹಗಾರರಿಗೆ ಹೇಳಿದ್ದು ಮುಂದೆ ವಿಭಾಗ ದಾವೆಯಲ್ಲಿ ಅವರ ಬಾಯಿಂದಲೇ ಸಾಕ್ಷ್ಯವಾಗಿ ಬರಬಹುದು.

ಜೊತೆಗೆ ಕರೆದೊಯ್ಯುವವರ ವಿಷಯವೂ ಹೀಗೇ. ಭಾವಮೈದ, ಪಂಚಾಯ್ತಿ ಸದಸ್ಯರು, ಊರ ಹಿರಿಯರು ಎಲ್ಲರನ್ನೂ ಕೂರಿಸಿಕೊಂಡು ವಕೀಲರಿಗೆ ಕತೆ ಹೇಳುವುದು ನಮ್ಮ ರೂಢಿ. ವಕೀಲರ ಬಾಯಿ ಕಟ್ಟಿದ ಕಾನೂನು ಕೇಳಿಸಿಕೊಂಡ ಭಾವಮೈದನ ಬಾಯಿ ಕಟ್ಟುವುದಿಲ್ಲ. ಕಾಫಿ ತೋಟಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರ ಪ್ರಕರಣದಲ್ಲಿ ಇದು ನಾಜೂಕಾದ ಪ್ರಶ್ನೆ. ವಕೀಲರೇ ಗೊತ್ತುಮಾಡಿದ ದುಭಾಷಿ ಕಾನೂನಿನ ಕಟ್ಟಿಗೆ ಒಳಪಡುತ್ತಾರೆ. ತೋಟದ ರೈಟರೇ ಹಿಂದಿ ಮಾತಾಡಿಕೊಡಲು ಬಂದರೆ ಅವರು ಮಾಲೀಕರ ನೌಕರರು. ಮಾಲೀಕರ ವಿರುದ್ಧವೇ ದೂರಿದ್ದರೆ ಮಾತು ಸಂಜೆಯೊಳಗೆ ಬಂಗಲೆ ತಲುಪಬಹುದು.

ಕಂಪನಿಯ ಸಂಬಳದ ಕಾನೂನು ಅಧಿಕಾರಿಗಳಿಗೂ ಕಲಂ 132 ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ಪೂರ್ಣಾವಧಿ ಸಂಬಳ ಪಡೆಯುವವರು ನಿಯಮದ ಪ್ರಕಾರ ವಕೀಲಿ ಮಾಡುವಂತಿಲ್ಲ, ಮಾಲೀಕರ ಹಂಗಿನಿಂದ ಹೊರಗೂ ಇಲ್ಲ. ತೋಟದ ಕಂಪನಿಗಳು ಸೂಕ್ಷ್ಮ ಸಲಹೆಯನ್ನು ಹೊರಗಿನ ವಕೀಲರಿಂದ ಪಡೆಯುವುದು ಜಾಣತನ.

ವಿಲ್‌ಗೆ ಸಾಕ್ಷಿಯಾಗಿ ಸಹಿ ಹಾಕುವ ವಕೀಲರದು ಬೇರೆ ಸಮಸ್ಯೆ. ಸಾಕ್ಷ್ಯ ಅಧಿನಿಯಮದ ಕಲಂ 67ರಂತೆ ವಿಲ್ ಸಾಬೀತು ಮಾಡಲು ಸಾಕ್ಷಿ ಹಾಕಿದವರಲ್ಲಿ ಒಬ್ಬರನ್ನಾದರೂ ಕರೆಸಬೇಕು. ಆಗ ಸಹಿಯಾದ ಬಗೆಯನ್ನು ವಕೀಲರು ಹೇಳಲೇಬೇಕು, ಆ ಮೊಕದ್ದಮೆಯಲ್ಲಿ ವಕಾಲತ್ತು ವಹಿಸಲು ನಡತೆ ನಿಯಮಗಳ 13ನೇ ನಿಯಮ ಅಡ್ಡ ಬರುತ್ತದೆ. ಮನೆತನದ ನಂಬಿಕೆಯ ವಕೀಲರನ್ನು ಸಾಕ್ಷಿ ಹಾಕಿಸಿದರೆ ಅವರನ್ನು ವಕೀಲರಾಗಿ ಕಳೆದುಕೊಂಡಂತೆ.

ಎಸ್ಪಿ ಅನುಮತಿ ಸಾಕೇ?

ಆರೋಪಿಯ ಪರ ವಕೀಲರನ್ನು ಪ್ರಕರಣದ ವಿವರ ತಿಳಿಯಲು ಕರೆಸುವಂತಿಲ್ಲ. ಕಲಂ 132ರ ವಿನಾಯಿತಿ ಇದೆ ಎಂದು ಪೊಲೀಸರಿಗೆ ಅನಿಸಿದರೆ, ಯಾವ ಸಂಗತಿಯ ಮೇಲೆ ಹಾಗನಿಸಿತು ಎಂಬುದನ್ನು ಸಮನ್ಸ್‌ನಲ್ಲೇ ಬರೆಯಬೇಕು. ಎಸ್ಪಿ ದರ್ಜೆಗೆ ಕಡಿಮೆಯಲ್ಲದ ಮೇಲಧಿಕಾರಿ ತಮಗೆ ಮನವರಿಕೆಯಾದ ಕಾರಣವನ್ನು ಲಿಖಿತವಾಗಿ ದಾಖಲಿಸಿ ಒಪ್ಪಿಗೆ ಕೊಡಬೇಕು. ಸಕಲೇಶಪುರದ ಇನ್‌ಸ್ಪೆಕ್ಟರಾಗಲಿ ತರೀಕೆರೆಯ ಡಿವೈಎಸ್ಪಿಯಾಗಲಿ ಸ್ವಂತ ಅಧಿಕಾರದಲ್ಲಿ ಕರೆಸಲಾರರು. ಜಿಲ್ಲಾ ಕೇಂದ್ರದವರೆಗೆ ಕಡತ ಹೋಗಿ ಬರಬೇಕು.

ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಅಥವಾ ವಕೀಲರದೇ ಸಮಿತಿಯ ಪರಿಶೀಲನೆ ಬೇಕೆಂದು ವಕೀಲರ ಕಡೆಯವರು ಕೇಳಿದ್ದರು. ಇಲಾಖೆಯೊಳಗಿನ ಅನುಮತಿ ಇಲಾಖೆಯನ್ನು ಹೇಗೆ ತಡೆದೀತು ಎಂಬುದು ಅವರ ವಾದ. ತನಿಖೆಯ ಕಡೆಯ ವಾದವೂ ಹಗುರವಾದದ್ದಲ್ಲ: ನಕಲಿ ದಾಖಲೆ ತಯಾರಿಯಲ್ಲಿ ವಕೀಲರೇ ಕೈಜೋಡಿಸಿದ್ದರೆ ಕರಿಕೋಟು ಅಡ್ಡ ಬರಬಾರದು. ಕಾಯ್ದೆಯೇ ಸಾಕಷ್ಟು ರಕ್ಷಣೆ ಕೊಟ್ಟಿರುವಾಗ ಹೊಸ ಸಮಿತಿ ಬೇಡವೆಂದು ಕೋರ್ಟು ತೀರ್ಮಾನಿಸಿತು.

ಎಸ್ಪಿ ಸ್ವತಂತ್ರ ಪ್ರಾಧಿಕಾರವಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೂ ಲಿಖಿತ ಕಾರಣದಿಂದ ಒಂದು ಲಾಭವಿದೆ. ಮುಂಚೆ 'ವಿಚಾರಣೆಗೆ ಹಾಜರಾಗಿ' ಎಂಬ ಒಂದೇ ಸಾಲಿನ ನೋಟಿಸನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಹಿಡಿಯೇ ಇರುತ್ತಿರಲಿಲ್ಲ. ಈಗ ಕಾರಣ ಕಾಗದದ ಮೇಲಿರಬೇಕು. ಇಲ್ಲದಿದ್ದರೆ ಅದೇ ದೋಷ. ಇದ್ದು ಪೊಳ್ಳಾಗಿದ್ದರೆ ನ್ಯಾಯಮೂರ್ತಿಗಳಿಗೆ ಕಾಣುತ್ತದೆ.

ನೋಟಿಸ್ ಬಂದಾಗ

ಮೊದಲು ಕಲಂ ನೋಡಬೇಕು. 179 ಎಂದಿದ್ದರೆ ಕರೆದಿರುವುದು ಮಾತಿಗೆ, 94 ಎಂದಿದ್ದರೆ ಕೇಳಿರುವುದು ದಾಖಲೆ. ಮಾತಿಗಾದರೆ ವಿನಾಯಿತಿಯ ಸಂಗತಿಯೂ ಎಸ್ಪಿ ಒಪ್ಪಿಗೆಯೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕಲಂ 132 ಹೆಸರಿಸಿ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಬೇಕು. ಪರಿಚಯದ ಅಧಿಕಾರಿ ಎಂದು ಫೋನಿನಲ್ಲೇ 'ಅಷ್ಟೇನಿಲ್ಲ ಸಾರ್' ಎಂದು ಎರಡು ಮಾತು ಹೇಳಿಬಿಡುವುದೇ ಎಲ್ಲಕ್ಕಿಂತ ಅಪಾಯ. ಆ ಎರಡು ಮಾತು ಕೂಡ ಕಕ್ಷಿದಾರನ ಸೊತ್ತು. ಕಕ್ಷಿದಾರನಿಗೆ ಅಂದೇ ತಿಳಿಸಬೇಕು, ಏಕೆಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 528ರಡಿ ಹೈಕೋರ್ಟಿಗೆ ಹೋಗುವ ಹಕ್ಕು ವಕೀಲರಿಗಿರುವಂತೆ ಅವನಿಗೂ ಇದೆ. ಎರಡೂ ಜಿಲ್ಲೆಯವರು ಅದಕ್ಕೆ ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು. ದಾಖಲೆಯಾದರೆ ನಕಲಿಟ್ಟುಕೊಂಡು, ಮೊಹರು ಮಾಡಿದ ಲಕೋಟೆಯಲ್ಲಿ, ತಕರಾರಿನ ಮೆಮೊ ಸಮೇತ ಕೋರ್ಟಿಗೆ ಸಲ್ಲಿಸುವುದು ಕ್ಷೇಮ.

ಗುಟ್ಟು ವಕೀಲರಿಂದಲೇ ಸೋರಿದರೆ

ತಾಲ್ಲೂಕು ಕೇಂದ್ರದಲ್ಲಿ ವಕೀಲರ ಸಂಖ್ಯೆ ಕಡಿಮೆ. ನಿನ್ನೆ ಒಬ್ಬರ ಕಚೇರಿಯಲ್ಲಿದ್ದ ಜೂನಿಯರ್ ಇಂದು ಎದುರಾಳಿಯ ವಕೀಲರ ಕಚೇರಿಯಲ್ಲಿರುತ್ತಾರೆ, ಗುಮಾಸ್ತರೂ ಹಾಗೆಯೇ. ಅವರೆಲ್ಲರ ಮೇಲೂ ಹಳೆಯ ಕಟ್ಟು ಮುಂದುವರಿಯುತ್ತದೆ. ನಡತೆ ನಿಯಮಗಳ 33ನೇ ನಿಯಮದಂತೆ ಒಂದು ವಿಷಯದಲ್ಲಿ ಸಲಹೆ ಕೊಟ್ಟ ಅಥವಾ ದಾವೆ ಬರೆದ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ. ಅಣ್ಣ ತಮ್ಮ ಒಟ್ಟಿಗೆ ಬಂದು ಸಲಹೆ ಪಡೆದು ಆಮೇಲೆ ಬೇರೆಯಾದರೆ, ವಕೀಲರು ಒಬ್ಬನನ್ನು ಆರಿಸಿಕೊಳ್ಳದೆ ಇಬ್ಬರನ್ನೂ ಬಿಡುವುದು ಸರಿ. ಎದುರು ಪಕ್ಷದೊಂದಿಗೆ ನೆಂಟಸ್ತಿಕೆ, ವ್ಯವಹಾರ ಏನಾದರೂ ಇದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಬಹುದು. ಅದನ್ನು ಮುಚ್ಚಿಡದೆ ಹೇಳುವುದು 14ನೇ ನಿಯಮದಂತೆ ವಕೀಲರ ಕರ್ತವ್ಯ.

ನಂಬಿಕೆ ಮುರಿದರೆ ದೂರು ಕೊಡಬೇಕಾದದ್ದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ವಕೀಲರ ಕಾಯ್ದೆ 1961ರ ಕಲಂ 35ರಡಿ. ಛೀಮಾರಿ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು ಅದರ ಅಧಿಕಾರದಲ್ಲಿವೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡದು ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ಹೇಳಿದೆ. ದೂರಿನ ಜೊತೆ ಫೈಲನ್ನೂ ಬಿಡಿಸಿಕೊಳ್ಳಬೇಕು. ಶುಲ್ಕ ಬಾಕಿ ಎಂದು ವಕೀಲರು ಕಕ್ಷಿದಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2000ನೇ ಇಸವಿಯ ತೀರ್ಪು. ಬಾಕಿ ವಸೂಲಿಗೆ ಅವರು ಬೇರೆ ದಾವೆ ಹಾಕಬಹುದು.